ಕಲ್ಲುಗುಡಿಗಳೂ ಕಡಲಾಚೆಯ ಕುಂಚವೂ

ದೇವಾಲಯವನ್ನು ಕಟ್ಟುವುದು ಒಂದು ಕಲೆ. ಅದನ್ನು ಬಂಡೆಯೊಳಗಿನಿಂದ ಬಿಡಿಸಿ ತೆಗೆಯುವುದು ಮತ್ತೊಂದು ಕಲೆ. ಕಟ್ಟುವವನು ಕಲ್ಲಿನ ಮೇಲೆ ಕಲ್ಲನ್ನಿಟ್ಟು ಮೇಲಕ್ಕೆ ಏರುತ್ತಾನೆ. ಒಂದು ಕಲ್ಲು ಸೀಳಿದರೆ ಅದನ್ನು ತೆಗೆದು ಬೇರೊಂದನ್ನು ಇಡಬಲ್ಲನು. ಬಂಡೆಯನ್ನು ಕೊರೆಯುವವನಿಗೆ ಆ ಅನುಕೂಲವಿಲ್ಲ. ಅವನು ಬೇಡವಾದುದನ್ನು ತೆಗೆಯುತ್ತ ಹೋಗಬೇಕು. ಒಮ್ಮೆ ತೆಗೆದುದನ್ನು ಮರಳಿ ಅಂಟಿಸಲಾರನು. ಆದುದರಿಂದ ಉಳಿಯ ಮೊದಲ ಪೆಟ್ಟು ಬೀಳುವುದಕ್ಕೆ ಮುಂಚೆಯೇ ಗುಡಿಯ ಕಂಬ, ಬೋದಿಗೆ, ಗರ್ಭಗೃಹಗಳೆಲ್ಲವೂ ಅವನ ಮನಸ್ಸಿನಲ್ಲಿ ನಿಂತಿರಬೇಕು. ಇಂಥ ಧೈರ್ಯದ ಕೆಲಸ ಭಾರತದಲ್ಲಿ ಹಲವೆಡೆ ನಡೆದಿದೆ. 6ನೆಯ ಶತಮಾನದ ಬಾದಾಮಿ ಮತ್ತು ಘಾರಾಪುರಿ, 7ನೆಯ ಶತಮಾನದ ಮಾಮಲ್ಲಪುರ, 8ನೆಯ ಶತಮಾನದ ಎಲ್ಲೋರದ ಕೈಲಾಸ—ಇವು ಹಿಂದೂ ಗುಹಾಲಯಗಳಲ್ಲಿ ಅಗ್ರಗಣ್ಯವಾದವು.

ಈ ಗುಡಿಗಳ ರೂಪವನ್ನು ದೂರದ ಯುರೋಪಿನ ಜನರು ಮೊದಲು ಕಂಡದ್ದು ಕಾಗದದ ಮೇಲೆ. 18 ಮತ್ತು 19ನೆಯ ಶತಮಾನಗಳಲ್ಲಿ ಭಾರತಕ್ಕೆ ಬಂದ ಐರೋಪ್ಯ ಚಿತ್ರಕಾರರು ಈ ಬಂಡೆಗಳ ಮುಂದೆ ಕುಳಿತು ಚಿತ್ರಗಳನ್ನು ಬರೆದರು. ಆ ಚಿತ್ರಗಳು ತಾಮ್ರದ ತಗಡಿಗೆ ಇಳಿದು, ಅಚ್ಚಾಗಿ, ಬಣ್ಣ ಪಡೆದು ಲಂಡನ್ನಿನ ಸಿರಿವಂತರ ಮನೆಗಳನ್ನು ಸೇರಿದವು. ಇಂದಿಗೂ ಎಲ್ಲೋರದ ವಿಷಯವಾಗಿ ಒಂದು ಪುಸ್ತಕ ಹೊರಬಂದರೆ ಆ ಹಳೆಯ ಚಿತ್ರಗಳಲ್ಲೊಂದು ಅದರಲ್ಲಿ ಇರುವುದುಂಟು. ಹೀಗಿರುವಾಗ ಒಂದು ಪ್ರಶ್ನೆ ಏಳುವುದು ಸಹಜ: ಪರಕೀಯರು ಬರೆದ ಈ ಚಿತ್ರಗಳನ್ನು ಈ ನಾಡಿನ ಮಕ್ಕಳು ಯಾವ ದೃಷ್ಟಿಯಿಂದ ನೋಡಬೇಕು? ಕೃತಜ್ಞತೆಯಿಂದಲೋ, ಸಂಶಯದಿಂದಲೋ?

ಎರಡೂ ಬೇಕು ಎನ್ನುವುದೇ ಸರಿಯಾದ ಉತ್ತರ. ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳುವವನನ್ನು ನ್ಯಾಯಾಧೀಶನು ಗೌರವದಿಂದಲೇ ಕರೆಸುತ್ತಾನೆ. ಆದರೆ ಅವನು ಹೇಳಿದುದನ್ನೆಲ್ಲ ಪರೀಕ್ಷಿಸದೆ ಒಪ್ಪುವುದಿಲ್ಲ. ಸಾಕ್ಷಿಯು ಎಲ್ಲಿ ನಿಂತಿದ್ದನು, ಎಷ್ಟು ಬೆಳಕಿತ್ತು, ಯಾರ ಕಡೆಯವನು ಎಂದು ವಿಚಾರಿಸುತ್ತಾನೆ. ಚಿತ್ರವೂ ಒಂದು ಸಾಕ್ಷಿಯೇ. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಐರೋಪ್ಯರು ಭಾರತದ ದೇವತೆಗಳನ್ನು ಚಿತ್ರಿಸಲು ತೊಡಗಿದ್ದು ಗುಹಾಲಯಗಳ ಮುಂದೆ ಕುಳಿತಲ್ಲ. ಇಟಲಿಯ ಪ್ರವಾಸಿಯಾದ ವರ್ತೆಮನು 1510ರಲ್ಲಿ ತನ್ನ ಪ್ರವಾಸದ ಕಥೆಯನ್ನು ಪ್ರಕಟಿಸಿದನು. ಕಲ್ಲಿಕೋಟೆಯಲ್ಲಿ ಪೂಜೆಗೊಳ್ಳುತ್ತಿದ್ದ ಮೂರ್ತಿಯನ್ನು ಅವನು ಪಿಶಾಚಿಯೆಂದೇ ವರ್ಣಿಸಿದ್ದನು. 1515ರಲ್ಲಿ ಆ ಪುಸ್ತಕ ಜರ್ಮನ್ ಭಾಷೆಯಲ್ಲಿ ಅಚ್ಚಾದಾಗ ಯೋರ್ಗ್ ಬ್ರಾಯ್ ಎಂಬ ಚಿತ್ರಕಾರನು ಅದಕ್ಕೆ ಚಿತ್ರಗಳನ್ನು ಬರೆದನು. ಅವನು ಭಾರತವನ್ನು ಕಂಡವನಲ್ಲ. ತನ್ನ ಊರಿನ ಜನರು ನರಕದ ಪಿಶಾಚಿಗೆ ಯಾವ ರೂಪವನ್ನು ಕೊಡುತ್ತಿದ್ದರೋ ಅದೇ ರೂಪವನ್ನು ಅವನು ಕಲ್ಲಿಕೋಟೆಯ ದೇವರಿಗೂ ಕೊಟ್ಟನು. ಕಿವಿಯಿಂದ ಕೇಳಿದುದು ಕಣ್ಣಿನ ಕೆಲಸವನ್ನು ಮಾಡಹೊರಟರೆ ಆಗುವ ಅನಾಹುತ ಇದು. ಹಲವು ತೋಳು, ಹಲವು ಮುಖಗಳುಳ್ಳ ಮೂರ್ತಿಯೆಂದರೆ ವಿಕಾರವೆಂಬ ಭಾವನೆ ಯುರೋಪಿನಲ್ಲಿ ಬಹುಕಾಲ ಬೇರೂರಿ ನಿಂತಿತು.

ಈ ಭಾವನೆಯನ್ನು ಸಡಿಲಿಸಿದ ಮೊದಲಿಗರಲ್ಲಿ ಕಾರ್ಸ್ಟೆನ್ ನೀಬೂರನು ಒಬ್ಬನು. ಅವನು ಚಿತ್ರಕಾರನಾಗಿರಲಿಲ್ಲ, ಗಣಿತವನ್ನೂ ಭೂಮಾಪನವನ್ನೂ ಬಲ್ಲವನಾಗಿದ್ದನು. ಡೆನ್ಮಾರ್ಕಿನ ರಾಜನು 1761ರಲ್ಲಿ ಅರಬ್ಬೀ ದೇಶದ ಅಧ್ಯಯನಕ್ಕಾಗಿ ಕಳುಹಿಸಿದ ವಿದ್ವಾಂಸರ ತಂಡದಲ್ಲಿ ಅವನೂ ಇದ್ದನು. ತಂಡದೊಡನೆ ಚಿತ್ರಗಳನ್ನು ಬರೆಯಲೆಂದೇ ಬಂದಿದ್ದ ಕಲಾವಿದನು 1763ರಲ್ಲಿ ಮುಂಬಯಿಗೆ ಬರುವ ಹಡಗಿನಲ್ಲಿ ತೀರಿಕೊಂಡನು. ಕ್ರಮೇಣ ಉಳಿದವರೂ ರೋಗಕ್ಕೆ ತುತ್ತಾಗಿ, ಕೊನೆಗೆ ಇಡೀ ತಂಡದಲ್ಲಿ ನೀಬೂರನೊಬ್ಬನೇ ಬದುಕುಳಿದನು. ಮುಂಬಯಿಯಲ್ಲಿದ್ದಾಗ ಅವನು ಘಾರಾಪುರಿ ದ್ವೀಪಕ್ಕೆ ಹೋಗಿ ಅಲ್ಲಿಯ ಶಿವಾಲಯವನ್ನು ಕಂಡನು.

ಘಾರಾಪುರಿಗೆ ‘ಎಲಿಫೆಂಟಾ’ ಎಂಬ ಹೆಸರನ್ನಿಟ್ಟವರು ಪೋರ್ಚುಗೀಸರು. ದ್ವೀಪದಲ್ಲಿದ್ದ ಒಂದು ದೊಡ್ಡ ಕಲ್ಲಾನೆಯೇ ಆ ಹೆಸರಿಗೆ ಕಾರಣ. ಅಲ್ಲಿಯ ಮುಖ್ಯ ಗುಹೆ ಸುಮಾರು 130 ಅಡಿ ಉದ್ದದ್ದು. ಸಾಲುಗಂಬಗಳ ನಡುವೆ ಒಳಹೊಕ್ಕರೆ ಹಿಂಬದಿಯ ಗೋಡೆಯಲ್ಲಿ ಸುಮಾರು 18 ಅಡಿ ಎತ್ತರದ, ಮೂರು ಮುಖಗಳ ಮಹಾಮೂರ್ತಿ ಮಬ್ಬುಗತ್ತಲೆಯಿಂದ ಮೆಲ್ಲನೆ ಗೋಚರವಾಗುತ್ತದೆ. ನೀಬೂರನು ಅಲ್ಲಿಗೆ ಒಂದು ಸಲವಲ್ಲ, ಮೂರು ಸಲ ಹೋದನು. ಗುಹೆಯನ್ನು ಅಳೆದು ಅದರ ನಕ್ಷೆಯನ್ನು ಸಿದ್ಧಪಡಿಸಿದನು. ಗೋಡೆಯ ಶಿಲ್ಪಗಳನ್ನು ಒಂದೊಂದಾಗಿ ಬರೆದುಕೊಂಡನು. 1778ರಲ್ಲಿ ಅವನ ಪ್ರವಾಸ ಗ್ರಂಥದ ಎರಡನೆಯ ಸಂಪುಟದಲ್ಲಿ ಅವು ಪ್ರಕಟವಾದವು. ಕೈ ಪಳಗಿದ ಕಲಾವಿದನ ಕೋಮಲತೆ ಅವುಗಳಲ್ಲಿಲ್ಲದಿರಬಹುದು. ಆದರೆ ಬ್ರಾಯನ ಪಿಶಾಚಿಗೂ ನೀಬೂರನ ಶಿವನಿಗೂ ಇರುವ ಅಂತರ ಅಜಗಜಾಂತರ. ಒಬ್ಬನು ಕೇಳಿ ಬರೆದನು. ಇನ್ನೊಬ್ಬನು ಕಂಡು, ಅಳೆದು, ಮತ್ತೆ ಹೋಗಿ ಕಂಡು ಬರೆದನು.

ನೀಬೂರನ ಅನಂತರ ಬಂದವರಲ್ಲಿ ಥಾಮಸ್ ಡೇನಿಯಲ್ ಮತ್ತು ವಿಲಿಯಂ ಡೇನಿಯಲ್ ಎಂಬವರ ಹೆಸರು ಪ್ರಸಿದ್ಧವಾದುದು. ವಿಲಿಯಮನು ಥಾಮಸನ ಸೋದರನ ಮಗ. 1785ರಲ್ಲಿ ಇಂಗ್ಲೆಂಡನ್ನು ಬಿಟ್ಟಾಗ ಅವನಿಗೆ ಇನ್ನೂ ಹದಿನಾರರ ಆಸುಪಾಸು. ಇಂದಿನ ಪ್ರೌಢಶಾಲೆಯ ವಿದ್ಯಾರ್ಥಿಯ ವಯಸ್ಸೆನ್ನಬಹುದು. ಇವರಿಬ್ಬರೂ ಸುಮಾರು ಏಳು ವರ್ಷಗಳ ಕಾಲ ಭಾರತದ ಉದ್ದಗಲವನ್ನು ಸುತ್ತಿ ಗುಡಿ, ಕೋಟೆ, ಬೆಟ್ಟ, ಜಲಪಾತಗಳನ್ನು ಚಿತ್ರಿಸಿದರು. ಮಾಮಲ್ಲಪುರದ ಬಂಡೆಗಳನ್ನು ಬರೆದರು. 1793ರಲ್ಲಿ ಮುಂಬಯಿಗೆ ಬಂದು ಎಲಿಫೆಂಟಾ ಗುಹೆಯನ್ನೂ ಬರೆದರು. ಊರಿಗೆ ಮರಳಿದ ಮೇಲೆ 1795ರಿಂದ 1808ರವರೆಗೆ ಅವರು ಹೊರತಂದ ಚಿತ್ರಮಾಲೆಯಲ್ಲಿ ಒಟ್ಟು 144 ಚಿತ್ರಗಳಿವೆ.

ಅವರ ಕೆಲಸದ ರೀತಿಯನ್ನು ತಿಳಿದುಕೊಳ್ಳುವುದು ಉಪಯುಕ್ತ. ಅವರೊಡನೆ ‘ಕ್ಯಾಮೆರಾ ಅಬ್ಸ್ಕ್ಯೂರ’ ಎಂಬ ಒಂದು ಸಾಧನವಿತ್ತು. ಅದು ಮಸೂರವನ್ನು ಜೋಡಿಸಿದ ಕತ್ತಲೆ ಪೆಟ್ಟಿಗೆ. ಹೊರಗಿನ ದೃಶ್ಯದ ಪ್ರತಿಬಿಂಬವು ಮಸೂರದ ಮೂಲಕ ಒಳಗಿನ ಕಾಗದದ ಮೇಲೆ ಬೀಳುತ್ತದೆ. ಚಿತ್ರಕಾರನು ಅದರ ಅಂಚನ್ನು ಅನುಸರಿಸಿ ಗೆರೆ ಎಳೆಯುತ್ತಾನೆ. ಇದರಿಂದ ಬೆಟ್ಟದ ಎತ್ತರ, ಕಂಬಗಳ ನಡುವಣ ಅಂತರ ಮುಂತಾದವು ತಪ್ಪಿಲ್ಲದೆ ಬರುತ್ತವೆ. ಬಳಿಕ ಆ ಚಿತ್ರವನ್ನು ‘ಅಕ್ವಾಟಿಂಟ್’ ಎಂಬ ವಿಧಾನದಿಂದ ತಾಮ್ರದ ತಗಡಿಗೆ ಇಳಿಸುತ್ತಿದ್ದರು. ತಗಡಿನ ಮೇಲೆ ರಾಳದ ಪುಡಿಯನ್ನು ಹರಡಿ, ಆಮ್ಲದಿಂದ ಅದನ್ನು ಹೆಚ್ಚುಕಡಿಮೆಯಾಗಿ ಕೊರೆಯಿಸಿದರೆ ನೆರಳಿನ ಹಲವು ಛಾಯೆಗಳು ಮೂಡುತ್ತವೆ. ಅಚ್ಚಾದ ಹಾಳೆಗೆ ಕೊನೆಯಲ್ಲಿ ಕೈಯಿಂದ ಬಣ್ಣ ಹಾಕುತ್ತಿದ್ದರು. ಹೀಗೆ ಸ್ಥಳದಲ್ಲಿ ಬರೆದ ಗೆರೆಯು ಗ್ರಾಹಕನ ಕೈಯನ್ನು ಸೇರುವುದರೊಳಗೆ ಹಲವು ಮೆಟ್ಟಿಲುಗಳನ್ನು ದಾಟಬೇಕಾಗಿತ್ತು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಏನನ್ನಾದರೂ ಸೇರಿಸುವುದಕ್ಕೆ, ಏನನ್ನಾದರೂ ಬಿಡುವುದಕ್ಕೆ ಅವಕಾಶವಿತ್ತು.

ಎಲ್ಲೋರದ ಚಿತ್ರಗಳ ಕಥೆ ಇನ್ನೂ ವಿಚಿತ್ರವಾದುದು. ಸ್ಕಾಟ್ಲೆಂಡಿನ ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರನು 1791ರಲ್ಲಿ ಮುಂಬಯಿಗೆ ಬಂದನು. ಪುಣೆಯ ಪೇಶ್ವೆಯ ಆಸ್ಥಾನದಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಚಾರ್ಲ್ಸ್ ಮ್ಯಾಲೆಟ್ಟನು ಅವನಿಗೆ ಆಶ್ರಯವಿತ್ತನು. ವೇಲ್ಸನು ಎಲಿಫೆಂಟಾ, ಎಲ್ಲೋರ ಮುಂತಾದ ಗುಹೆಗಳನ್ನು ಶ್ರದ್ಧೆಯಿಂದ ಚಿತ್ರಿಸಿದನು. ಅವುಗಳನ್ನು ಗ್ರಂಥರೂಪದಲ್ಲಿ ಹೊರತರುವ ಭಾಗ್ಯ ಮಾತ್ರ ಅವನಿಗಿರಲಿಲ್ಲ. 1795ರಲ್ಲಿ ಅವನು ತೀರಿಕೊಂಡನು. ಮುಂದೆ 1803ರಲ್ಲಿ ಥಾಮಸ್ ಡೇನಿಯಲನು ಆ ಚಿತ್ರಗಳ ಆಧಾರದಿಂದ ಎಲ್ಲೋರದ 24 ದೃಶ್ಯಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಡೇನಿಯಲನು ಎಲ್ಲೋರಕ್ಕೆ ಹೋದವನೇ ಅಲ್ಲ! ಕೈಲಾಸದ ಭವ್ಯತೆಯನ್ನು ಯುರೋಪಿಗೆ ಸಾರಿದ ಆ ತಾಮ್ರದ ತಗಡುಗಳನ್ನು ಸಿದ್ಧಪಡಿಸಿದವನು ಕೈಲಾಸವನ್ನು ಕಂಡಿರಲಿಲ್ಲ. ಹೀಗೆಂದ ಮಾತ್ರಕ್ಕೆ ಅವನನ್ನು ಬ್ರಾಯನ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಬ್ರಾಯನ ಮುಂದಿದ್ದುದು ಬರಿಯ ಮಾತು. ಡೇನಿಯಲನ ಮುಂದಿದ್ದುದು ಸ್ಥಳದಲ್ಲಿಯೇ ಕುಳಿತು ಬರೆದ ಚಿತ್ರ.

19ನೆಯ ಶತಮಾನದಲ್ಲಿ ಈ ಕೆಲಸ ಇನ್ನೊಂದು ದಾರಿಯನ್ನು ಹಿಡಿಯಿತು. ನೀಲಿಯ ವ್ಯಾಪಾರಕ್ಕೆಂದು ಭಾರತಕ್ಕೆ ಬಂದಿದ್ದ ಜೇಮ್ಸ್ ಫರ್ಗುಸನ್ನನು ವ್ಯಾಪಾರವನ್ನು ಬಿಟ್ಟು ವಾಸ್ತುಶಿಲ್ಪದ ಹಿಂದೆ ಬಿದ್ದನು. ಊರೂರು ಅಲೆದು ಗುಹೆಗಳ ಚಿತ್ರಗಳನ್ನು ಬರೆದು 1845ರಲ್ಲಿ ಭಾರತದ ಶಿಲಾಗುಡಿಗಳ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನು. ದೃಶ್ಯದ ಸೊಗಸಿಗಿಂತ ಒಂದು ಗುಹೆಗೂ ಇನ್ನೊಂದಕ್ಕೂ ಇರುವ ಸಂಬಂಧ, ಅವುಗಳ ಕಾಲಾನುಕ್ರಮ—ಇವು ಅವನಿಗೆ ಮುಖ್ಯವಾದವು. ಈ ಗುಹೆಗಳು ಹಾಳಾಗುತ್ತಿವೆ, ಇವುಗಳನ್ನು ಕಾಪಾಡಬೇಕು ಎಂದು ಇಂಗ್ಲೆಂಡಿನ ವಿದ್ವಾಂಸರ ಮುಂದೆ ಮೊದಲು ದನಿಯೆತ್ತಿದವರಲ್ಲಿ ಅವನೂ ಒಬ್ಬನು. ಅದರ ಫಲವಾಗಿ ಕಂಪನಿ ಸರಕಾರವು ಗುಹೆಗಳ ರಕ್ಷಣೆಯ ಕಡೆಗೆ ಗಮನ ಕೊಡತೊಡಗಿತು. ಒಂದು ಚಿತ್ರವು ನೋಡುವವನ ಕುತೂಹಲವನ್ನು ಕೆರಳಿಸಿ, ಆ ಕುತೂಹಲವು ಕಾಳಜಿಯಾಗಿ ಬೆಳೆಯುವುದು ಸಣ್ಣ ಸಂಗತಿಯಲ್ಲ.

ಈ ಚಿತ್ರಗಳಿಂದಾದ ಉಪಕಾರವನ್ನು ಮರೆಯುವುದು ಕೃತಘ್ನತೆಯಾಗುತ್ತದೆ. ಎಲಿಫೆಂಟಾದ ಕಲ್ಲಾನೆಯ ಗತಿಯನ್ನೇ ನೋಡಬಹುದು. 1814ರಲ್ಲಿ ಅದರ ತಲೆಯೂ ಕುತ್ತಿಗೆಯೂ ಮುರಿದು ಬಿದ್ದವು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಬೇಕೆಂದು ಎತ್ತಲು ಹೋದಾಗ ಅದು ಚೂರುಚೂರಾಯಿತು. ಆ ಚೂರುಗಳನ್ನು ಮುಂಬಯಿಗೆ ತಂದು ಮುಂದೆ ಒಟ್ಟುಗೂಡಿಸಿ ನಿಲ್ಲಿಸಿದರು. ಇಂದು ಅದು ಆ ನಗರದ ಜೀಜಾಮಾತಾ ಉದ್ಯಾನದಲ್ಲಿದೆ. ಮುರಿಯುವುದಕ್ಕೆ ಮೊದಲು ಅದು ಹೇಗಿತ್ತೆಂಬುದನ್ನು ತಿಳಿಯಬೇಕಾದರೆ ಹಿಂದಿನ ಪ್ರವಾಸಿಗರ ಬರಹವೂ ರೇಖಾಚಿತ್ರವೂ ಅಲ್ಲದೆ ಬೇರೆ ಗತಿಯಿಲ್ಲ. ಅದರ ಬೆನ್ನಿನ ಮೇಲೆ ಒಂದು ಸಣ್ಣ ಪ್ರಾಣಿಯ ಆಕೃತಿಯಿತ್ತು. ಅದು ಮರಿಯಾನೆಯೆಂದು ಕೆಲವರು ಹೇಳಿದರು. ಹುಲಿಯೆಂದು ಇನ್ನು ಕೆಲವರು ಹೇಳಿದರು. ಎಲ್ಲರೂ ಕಣ್ಣಾರೆ ಕಂಡವರೇ! ಸಾಕ್ಷಿಯ ಬೆಲೆಯೂ ಅದರ ಮಿತಿಯೂ ಈ ಒಂದು ನಿದರ್ಶನದಲ್ಲಿಯೇ ಸ್ಪಷ್ಟವಾಗುತ್ತವೆ.

ಇನ್ನು ಆ ಮಿತಿಗಳನ್ನು ವಿಚಾರಿಸಬೇಕು. ಮೊದಲನೆಯದು ಅಭಿರುಚಿಯಿಂದ ಬಂದುದು. ಆ ಕಾಲದ ಇಂಗ್ಲೆಂಡಿನಲ್ಲಿ ಪಾಳುಬಿದ್ದ ಕಟ್ಟಡ, ಅದನ್ನು ತಬ್ಬಿದ ಬಳ್ಳಿ, ಅದರ ಮೇಲೆ ಬೀಳುವ ಓರೆ ಬಿಸಿಲು—ಇವುಗಳಿದ್ದರೆ ಚಿತ್ರ ಸೊಗಸಾದುದೆಂದು ಎಣಿಸುತ್ತಿದ್ದರು. ಭಾರತಕ್ಕೆ ಬಂದ ಚಿತ್ರಕಾರರು ಈ ಅಭಿರುಚಿಯನ್ನು ಬುತ್ತಿಯಂತೆ ಕಟ್ಟಿಕೊಂಡೇ ಬಂದರು. ಅವರ ಹಾಳೆಗಳಲ್ಲಿ ಗುಹೆಯ ಬಾಯಿ ಹಸುರಿನಿಂದ ಮುಚ್ಚಿರುತ್ತದೆ. ಬಂಡೆಗಳು ಮೋಡದಂತೆ ಮೇಲೆ ಕವಿದಿರುತ್ತವೆ. ಕೆಳಗೆ ಒಬ್ಬಿಬ್ಬರು ಮನುಷ್ಯರು ಇರುವೆಗಳಷ್ಟು ಚಿಕ್ಕವರಾಗಿ ನಿಂತಿರುತ್ತಾರೆ. ಕಟ್ಟಡದ ಗಾತ್ರವನ್ನು ತೋರಿಸಲು ಆ ಮನುಷ್ಯರು ಬೇಕು. ಆದರೆ ಅವರು ಯಾರು, ಅಲ್ಲಿಗೆ ಏಕೆ ಬಂದರು ಎಂಬುದು ಚಿತ್ರಕ್ಕೆ ಬೇಕಾಗಿಲ್ಲ. ದೀಪ ಹಚ್ಚುವವರು, ಹರಕೆ ಹೊತ್ತವರು, ಶಿವರಾತ್ರಿಯ ಜಾಗರಣೆಗೆ ಬರುವವರು—ಇವರಿಗೆಲ್ಲ ಗುಡಿಯು ಬದುಕಿನ ಒಂದು ಭಾಗ. ಅಂಥ ಗುಡಿಯು ಚಿತ್ರದಲ್ಲಿ ಎಂದೋ ಸತ್ತುಹೋದ ಒಂದು ಲೋಕದ ಅವಶೇಷವಾಗಿ ಕಾಣುತ್ತದೆ.

ಇದರಿಂದ ಒಂದು ರಾಜಕೀಯ ಪರಿಣಾಮವೂ ಆಯಿತು. ಒಂದು ಕಾಲದಲ್ಲಿ ಉನ್ನತವಾಗಿದ್ದ ದೇಶ ಈಗ ಪಾಳುಬಿದ್ದಿದೆ ಎಂಬ ಮಾತು ಆಳಲು ಬಂದವರಿಗೆ ಅನುಕೂಲವಾದ ಮಾತು. ಪಾಳುಬಿದ್ದುದನ್ನು ನೋಡಿಕೊಳ್ಳಲು ಒಬ್ಬ ಯಜಮಾನ ಬೇಕಲ್ಲವೇ? ಚಿತ್ರಕಾರರೆಲ್ಲರೂ ಈ ಉದ್ದೇಶದಿಂದಲೇ ಬರೆದರೆಂದು ಹೇಳಲಾಗದು; ಅವರಲ್ಲಿ ಹಲವರು ಸೌಂದರ್ಯಕ್ಕೆ ಮನಸೋತವರೇ. ಆದರೂ ಅವರು ನಡೆದ ದಾರಿಯನ್ನು ಕಂಪನಿಯ ಸೈನ್ಯ ತೆರೆದಿತ್ತು; ಅವರಿಗೆ ಆಶ್ರಯವಿತ್ತವರಲ್ಲಿ ಕಂಪನಿಯ ಅಧಿಕಾರಿಗಳಿದ್ದರು; ಅವರ ಗ್ರಂಥಗಳನ್ನು ಕೊಂಡವರು ಆ ಅಧಿಕಾರದಿಂದ ಸಂಪನ್ನರಾದ ಜನ. ಇದನ್ನು ಮರೆತು ಚಿತ್ರವನ್ನು ನೋಡಿದರೆ ಅರ್ಧ ಮಾತ್ರ ನೋಡಿದಂತಾಗುತ್ತದೆ.

ಎರಡನೆಯ ಮಿತಿ ಅರ್ಥಕ್ಕೆ ಸಂಬಂಧಿಸಿದುದು. ಕೈ ಗೆರೆಯನ್ನು ಸರಿಯಾಗಿ ಎಳೆದರೂ ಮನಸ್ಸು ಅದರ ಅರ್ಥವನ್ನು ತಪ್ಪಾಗಿ ತಿಳಿಯಬಹುದು. ಎಲಿಫೆಂಟಾದ ಮೂರು ಮುಖಗಳ ಮೂರ್ತಿಯನ್ನು ಬ್ರಹ್ಮ, ವಿಷ್ಣು, ಮಹೇಶ್ವರರ ತ್ರಿಮೂರ್ತಿಯೆಂದು ಬಹುಕಾಲ ವಿವರಿಸಿದರು. ಅದು ಶಿವನೊಬ್ಬನದೇ ಮೂರ್ತಿಯೆಂದೂ, ನಡುವಣ ಪ್ರಶಾಂತ ಮುಖ, ಒಂದು ಪಕ್ಕದ ಉಗ್ರ ಮುಖ, ಇನ್ನೊಂದು ಪಕ್ಕದ ಸೌಮ್ಯವಾದ ಸ್ತ್ರೀಸಹಜ ಮುಖ ಇವೆಲ್ಲ ಅವನ ಭಿನ್ನ ಭಿನ್ನ ರೂಪಗಳೆಂದೂ ವಿದ್ವಾಂಸರು ಅನಂತರ ತಿಳಿಸಿಕೊಟ್ಟರು. ಈ ಗುಹೆಗಳನ್ನು ಭಾರತೀಯರೇ ಕಡೆದರೆಂದು ನಂಬಲಾರದೆ ಈಜಿಪ್ಟಿನವರನ್ನೂ ಅಲೆಕ್ಸಾಂಡರನ ಜನರನ್ನೂ ಹೆಸರಿಸಿದ ಐರೋಪ್ಯರಿದ್ದರು. ಆದರೆ ತಪ್ಪನ್ನೆಲ್ಲ ಪರಕೀಯರ ಮೇಲೆಯೇ ಹೊರಿಸುವುದು ಸರಿಯಲ್ಲ. ಆ ಹೊತ್ತಿಗೆ ಇಲ್ಲಿಯ ಜನರೂ ಇವುಗಳನ್ನು ಮಾಡಿಸಿದವರ ಹೆಸರನ್ನು ಮರೆತಿದ್ದರು. ಕೇಳಿದವರಿಗೆಲ್ಲ ‘ಪಾಂಡವರು ಕಟ್ಟಿದ್ದು’ ಎಂಬ ಉತ್ತರ ಸಿದ್ಧವಾಗಿತ್ತು.

ಹಾಗಾದರೆ ಕೈಲಾಸವನ್ನು ಮಾಡಿಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಸಿಕ್ಕಿದುದು ಚಿತ್ರದಿಂದಲ್ಲ, ಶಾಸನದಿಂದ. ರಾಷ್ಟ್ರಕೂಟ ವಂಶದ ಗುಜರಾತಿನ ಶಾಖೆಯ ಕರ್ಕರಾಜನು 812ರಲ್ಲಿ ಹೊರಡಿಸಿದ ತಾಮ್ರಶಾಸನವೊಂದು ಬಡೋದೆಯಲ್ಲಿ ದೊರೆಯಿತು. ಏಲಾಪುರದ ಬೆಟ್ಟದಲ್ಲಿ ಕೃಷ್ಣರಾಜನು ಅದ್ಭುತವಾದ ಗುಡಿಯೊಂದನ್ನು ಮಾಡಿಸಿದನೆಂದು ಅದು ಹೇಳುತ್ತದೆ. ಆಕಾಶದಲ್ಲಿ ಹೋಗುತ್ತಿದ್ದ ದೇವತೆಗಳು ಅದನ್ನು ಕಂಡು ಬೆರಗಾದರಂತೆ. ಅದನ್ನು ಮಾಡಿದ ಶಿಲ್ಪಿಯೇ, ಇದನ್ನು ತಾನು ಮಾಡಿದುದಾದರೂ ಹೇಗೆ ಎಂದು ವಿಸ್ಮಯಪಟ್ಟನಂತೆ. ಏಲಾಪುರವೇ ಇಂದಿನ ಎಲ್ಲೋರ. ಆ ಕೃಷ್ಣರಾಜನೇ 8ನೆಯ ಶತಮಾನದ ರಾಷ್ಟ್ರಕೂಟ ಒಂದನೆಯ ಕೃಷ್ಣ. ಅವನ ವಂಶದ ಅಮೋಘವರ್ಷ ನೃಪತುಂಗನೇ ಮುಂದೆ ಮಾನ್ಯಖೇಟದಿಂದ ಆಳಿದನು. ಅವನ ಆಸ್ಥಾನದಲ್ಲಿಯೇ ‘ಕವಿರಾಜಮಾರ್ಗ’ವು ರಚಿತವಾಯಿತು. ಕೈಲಾಸದ ರೂಪಕ್ಕೆ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಸ್ಫೂರ್ತಿಯಾಗಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 276 ಅಡಿ ಉದ್ದ, 154 ಅಡಿ ಅಗಲದ ಅಂಗಳವನ್ನು ಬಂಡೆಯಲ್ಲಿ ತೋಡಿ, ಹಿಂಬದಿಯಲ್ಲಿ 107 ಅಡಿಯವರೆಗೆ ಇಳಿದು, ಮೇಲಿನಿಂದ ಕೆಳಕ್ಕೆ ಕಡೆದು ತೆಗೆದ ಆ ಗುಡಿಗೂ ಕನ್ನಡನಾಡಿಗೂ ಇರುವ ನಂಟನ್ನು ಡೇನಿಯಲನ 24 ಚಿತ್ರಗಳು ತಿಳಿಸಲಾರವು. ಚಿತ್ರವು ರೂಪವನ್ನು ಉಳಿಸಿತು. ಶಾಸನವು ಹೆಸರನ್ನು ಉಳಿಸಿತು. ಎರಡನ್ನೂ ಕೂಡಿಸಿ ಓದಿದಾಗ ಮಾತ್ರ ಇತಿಹಾಸ ಪೂರ್ಣವಾಗುತ್ತದೆ.

ಮೂರನೆಯ ಮಿತಿಯೂ ಹೆಸರಿಗೇ ಸಂಬಂಧಿಸಿದುದು. ಪುಣೆಯಲ್ಲಿ ಗಂಗಾರಾಮ ಚಿಂತಾಮಣ ತಾಂಬಟ ಎಂಬ ಕಲಾವಿದನಿದ್ದನು. ತಾಂಬಟರೆಂದರೆ ತಾಮ್ರದ ಕೆಲಸ ಮಾಡುವವರು. ಈ ಕಲಾವಿದನು ಮ್ಯಾಲೆಟ್ಟನಿಗಾಗಿ ಎಲ್ಲೋರಕ್ಕೆ ಹೋಗಿ ಅಲ್ಲಿಯ ಗುಹೆಗಳನ್ನೂ ಮೂರ್ತಿಗಳನ್ನೂ ಚಿತ್ರಿಸಿದನು; ವೇಲ್ಸನ ಜೊತೆಗೂ ಕೆಲಸ ಮಾಡಿದನು. ಅವನ ಅನೇಕ ಚಿತ್ರಗಳು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಕಲಾಸಂಗ್ರಹದಲ್ಲಿವೆ. ಆದರೆ ಲಂಡನ್ನಿನಲ್ಲಿ ಪ್ರಕಟವಾದ ಆ ಭವ್ಯ ಗ್ರಂಥದ ಶೀರ್ಷಿಕೆಯಲ್ಲಿ ವೇಲ್ಸನ ಹೆಸರಿದೆ, ಡೇನಿಯಲನ ಹೆಸರಿದೆ, ಗಂಗಾರಾಮನ ಹೆಸರಿಲ್ಲ. ಎಲ್ಲೋರವನ್ನು ಕಾಣದ ಒಬ್ಬನಿಗೆ ಕೀರ್ತಿ ಸಂದಿತು; ಅಲ್ಲಿಗೆ ಹೋಗಿ ಕುಳಿತು ಬರೆದ ಇನ್ನೊಬ್ಬನನ್ನು ಹೆಚ್ಚುಕಡಿಮೆ ಎರಡು ಶತಮಾನಗಳ ಕಾಲ ವಿದ್ವಾಂಸರಲ್ಲದೆ ಬೇರೆಯವರು ಅರಿಯಲಿಲ್ಲ. ‘ಐರೋಪ್ಯರು ಬರೆದರು, ಭಾರತೀಯರು ಸುಮ್ಮನೆ ನೋಡುತ್ತ ನಿಂತರು’ ಎಂಬ ಕಲ್ಪನೆ ಎಷ್ಟು ತಪ್ಪೆಂಬುದಕ್ಕೆ ಗಂಗಾರಾಮನೊಬ್ಬನೇ ಸಾಕು.

ಈ ಎಲ್ಲ ವಿಚಾರದಿಂದ ಎರಡು ಬಗೆಯ ಅತಿರೇಕಗಳನ್ನು ಬಿಡಬೇಕೆಂಬುದು ಸ್ಪಷ್ಟ. ಪರಕೀಯರು ಬರೆದುದರಿಂದಲೇ ಇವು ಹೇಯವೆಂದು ತಳ್ಳುವುದು ಒಂದು ಅತಿರೇಕ. ಹಾಗೆ ತಳ್ಳಿದರೆ ಮೂರು ಸಲ ದೋಣಿಯೇರಿ ಹೋಗಿ ಅಳತೆ ಮಾಡಿದ ನೀಬೂರನ ನಿಷ್ಠೆಯನ್ನೂ, ವ್ಯಾಪಾರವನ್ನು ತೊರೆದು ಗುಹೆಗಳಿಗಾಗಿ ಅಲೆದ ಫರ್ಗುಸನ್ನನ ಶ್ರಮವನ್ನೂ ತಳ್ಳಿದಂತಾಗುತ್ತದೆ. ಪಶ್ಚಿಮದವರು ಮೆಚ್ಚಿದ ಮೇಲೆಯೇ ನಮ್ಮದು ಚೆಂದವೆಂದು ತಿಳಿಯುವುದು ಇನ್ನೊಂದು ಅತಿರೇಕ. ಇದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ. ಏಕೆಂದರೆ ಇದು ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆಯಿಲ್ಲದಂತೆ ಮಾಡುತ್ತದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯಂತೆ, ನಾಲ್ಕು ಹರದಾರಿ ದೂರದಲ್ಲಿರುವ ಗುಡಿಯನ್ನು ಎಂದೂ ನೋಡದವನು ಅದರ ಚಿತ್ರ ಹೊರದೇಶದ ಪುಸ್ತಕದಲ್ಲಿ ಬಂದಾಗ ಹೆಮ್ಮೆಪಡುತ್ತಾನೆ. ಆ ಹೆಮ್ಮೆ ಎರವಲು ತಂದ ಒಡವೆ. ಹಬ್ಬ ಮುಗಿದ ಮೇಲೆ ಅದನ್ನು ಹಿಂದಿರುಗಿಸಬೇಕಾಗುತ್ತದೆ.

ಪ್ರತಿಯು ಎಷ್ಟೇ ಸೊಗಸಾಗಿರಲಿ, ಅದು ಮೂಲದ ಸ್ಥಾನವನ್ನು ತುಂಬಲಾರದು. ಇದಕ್ಕೆ ಅಜಂತೆಯ ಒಂದು ಘಟನೆಯನ್ನು ನೆನೆಯಬಹುದು. ಅಜಂತೆಯದು ಬೌದ್ಧರ ಗುಹೆಗಳು. ಅಲ್ಲಿಯ ವರ್ಣಚಿತ್ರಗಳ ಪ್ರತಿ ಮಾಡಲು ಕಂಪನಿ ಸರಕಾರವು 1844ರಲ್ಲಿ ರಾಬರ್ಟ್ ಗಿಲ್ ಎಂಬ ಸೈನ್ಯಾಧಿಕಾರಿಯನ್ನು ನೇಮಿಸಿತು. ಅವನು ವರ್ಷಗಟ್ಟಲೆ ದುಡಿದು ಬರೆದ ದೊಡ್ಡ ದೊಡ್ಡ ಪ್ರತಿಗಳನ್ನು ಲಂಡನ್ನಿಗೆ ಕಳುಹಿಸಲಾಯಿತು. 1866ರಲ್ಲಿ ಅವುಗಳನ್ನು ಪ್ರದರ್ಶಿಸಿದ್ದ ಗಾಜಿನ ಅರಮನೆಗೆ ಬೆಂಕಿ ಬಿದ್ದು, ಅವುಗಳಲ್ಲಿ ಬಹುಪಾಲು ಸುಟ್ಟುಹೋದವು. ಅಜಂತೆಯ ಮೂಲಚಿತ್ರಗಳು ಬಣ್ಣಗೆಟ್ಟು, ಕೆಲವೆಡೆ ಉದುರಿದ್ದರೂ ಗೋಡೆಯ ಮೇಲೆ ಇಂದಿಗೂ ಇವೆ. ಕಲ್ಲಿನಲ್ಲಿ ಉಳಿದುದನ್ನು ಕಾಪಾಡುವುದು ಅಲ್ಲಿ ಬದುಕುವವರ ಹೊಣೆ. ಆ ಹೊಣೆಯನ್ನು ಯಾವ ಪುಸ್ತಕಕ್ಕೂ ವಹಿಸಿಕೊಡಲಾಗುವುದಿಲ್ಲ.

ಹಾಗಾದರೆ ಆ ಹಳೆಯ ಚಿತ್ರಕಾರರಿಂದ ಕಲಿಯತಕ್ಕದ್ದು ಏನು? ಅವರ ಅಭಿರುಚಿಯನ್ನಲ್ಲ, ಅವರ ತಾಳ್ಮೆಯನ್ನು. ಒಂದು ಕಂಬದ ಮುಂದೆ ಅರ್ಧ ದಿನ ಕುಳಿತುಕೊಳ್ಳುವ ತಾಳ್ಮೆ ಇಂದು ಅಪರೂಪ. ಪ್ರವಾಸಕ್ಕೆ ಹೋದವರು ಅರ್ಧ ಗಂಟೆಯಲ್ಲಿ ನಾಲ್ಕು ಗುಹೆಗಳನ್ನು ನೋಡಿ ಮುಗಿಸುತ್ತಾರೆ. ಶಿಲ್ಪಕ್ಕೆ ಬೆನ್ನು ತಿರುಗಿಸಿ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಕೆಲವರಂತೂ ಸಾವಿರ ವರ್ಷಗಳ ಗೋಡೆಯ ಮೇಲೆ ಮೊಳೆಯಿಂದ ತಮ್ಮ ಹೆಸರನ್ನು ಗೀಚಿ ಬರುತ್ತಾರೆ. ಗೀಚುವವನ ಕೈಯಲ್ಲಿಯೂ ಚೂಪಾದ ಸಾಧನವಿದೆ, ಚಿತ್ರ ಬರೆಯುವವನ ಕೈಯಲ್ಲಿಯೂ ಇದೆ. ಒಬ್ಬನು ಕಲ್ಲಿನ ಮೇಲೆ ತನ್ನನ್ನು ಬಿಟ್ಟು ಬರುತ್ತಾನೆ. ಇನ್ನೊಬ್ಬನು ಕಲ್ಲನ್ನು ತನ್ನೊಳಗೆ ತುಂಬಿಕೊಂಡು ಬರುತ್ತಾನೆ.

ಕನ್ನಡನಾಡಿನ ವಿದ್ಯಾರ್ಥಿಗೆ ಇದನ್ನು ಕಲಿಯಲು ಬಾದಾಮಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮಾಮಲ್ಲಪುರ, ಎಲಿಫೆಂಟಾಗಳನ್ನು ಬರೆದ ಡೇನಿಯಲರ ಚಿತ್ರಮಾಲೆಯಿಂದ ಬಾದಾಮಿಗೆ ಖ್ಯಾತಿ ಬರಲಿಲ್ಲ. 1855ರಲ್ಲಿ ಥಾಮಸ್ ಬಿಗ್ಸನು ಬಿಜಾಪುರ, ಐಹೊಳೆ, ಬಾದಾಮಿಗಳಲ್ಲಿ ಛಾಯಾಚಿತ್ರಗಳನ್ನು ತೆಗೆದನು. ಅಂಥ ಛಾಯಾಚಿತ್ರಗಳಿಂದಲೇ ಬಾದಾಮಿಯ ಕೀರ್ತಿ ದೂರದವರಿಗೆ ಮುಟ್ಟಿತು. ಅಲ್ಲಿಯ ಮೂರನೆಯ ಗುಹೆಯನ್ನು 578ರಲ್ಲಿ ಚಾಲುಕ್ಯ ಮಂಗಳೇಶನು ಮಾಡಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಕೆಲವು ಶಿಲ್ಪಿಗಳ ಹೆಸರುಗಳೂ ಬಾದಾಮಿಯ ಬಂಡೆಗಳ ಮೇಲೆ ಉಳಿದಿವೆ. ಗಂಗಾರಾಮನಿಗೆ ಪುಸ್ತಕದಲ್ಲಿ ದೊರೆಯದ ಮನ್ನಣೆ ಹದಿನಾಲ್ಕು ಶತಮಾನಗಳ ಹಿಂದಿನ ಆ ಕುಶಲಿಗಳಿಗೆ ಬಂಡೆಯಲ್ಲಿ ದೊರೆತಿದೆ.

ಮೊದಲನೆಯ ಗುಹೆಯ ಬಳಿ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ನಿಂತು ನೋಡಿ ಮುಂದಕ್ಕೆ ಹೋಗುವವನಿಗೆ ಅಲ್ಲಿ ಕಾಣುವುದು ‘ಬಹಳ ಕೈಗಳು’ ಮಾತ್ರ. ಯೋರ್ಗ್ ಬ್ರಾಯನು ಅಲ್ಲಿಗೆ ಬಂದಿದ್ದರೆ ಒಂದು ವಿಕಾರವನ್ನು ಕಂಡು ಹೋಗುತ್ತಿದ್ದನೋ ಏನೋ! ಆದರೆ ಒಬ್ಬ ವಿದ್ಯಾರ್ಥಿ ಪೆನ್ಸಿಲನ್ನು ಹಿಡಿದು ಅದರ ಮುಂದೆ ಕುಳಿತರೆ ಅವನು ಒಂದೊಂದು ಕೈಯನ್ನೂ ಬೇರೆಬೇರೆಯಾಗಿ ನೋಡಲೇಬೇಕು. ಈ ಕೈ ಎಲ್ಲಿಂದ ಹೊರಟಿತು, ಆ ಕೈ ಏನನ್ನು ಹಿಡಿದಿದೆ, ಬೆರಳು ಯಾವ ಕಡೆಗೆ ಬಾಗಿದೆ ಎಂದು ಕೇಳಿಕೊಳ್ಳಲೇಬೇಕು. ಹತ್ತನೆಯ ಕೈಯನ್ನು ಬರೆಯುವ ಹೊತ್ತಿಗೆ ಇವು ಹದಿನೆಂಟು ಕೈಗಳಲ್ಲ, ಒಂದೇ ನರ್ತನದ ಹಲವು ಕ್ಷಣಗಳು ಎಂಬುದು ಅವನಿಗೆ ಹೊಳೆಯಬಹುದು. ಅವನ ಚಿತ್ರ ಡೇನಿಯಲನ ಚಿತ್ರದಷ್ಟು ಸೊಗಸಾಗಿರಬೇಕಾಗಿಲ್ಲ. ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ. ಆ ಗೆರೆಯ ಹಿಂದೆ ಅವನ ಸ್ವಂತ ಕಣ್ಣು ಇರುತ್ತದೆ. ಅಂಥ ಕಣ್ಣನ್ನು ಪಡೆದವನು ಹಳೆಯ ಸಾಕ್ಷಿಗಳನ್ನು ಗೌರವದಿಂದ ಕೇಳಬಲ್ಲನು. ತೀರ್ಪನ್ನು ಮಾತ್ರ ತಾನೇ ಕೊಡಬಲ್ಲನು.